ದೀಪ ಕೊಡೆಯ ಗೂಟಕ್ಕಿರಲಿ

ಮಳೆಯ ಮುನ್ಸೂಚನೆಯನ್ನು ಹಿಡಿಕೆಯ ಬೆಳಕಿನಲ್ಲಿ ಹೇಳುವ ಕೊಡೆಯನ್ನು ಅಮೆರಿಕದ ಆ್ಯಂಬಿಯಂಟ್ ಡಿವೈಸಸ್ ಕಂಪನಿ ಹಿಂದೆಯೇ ಮಾರಿತ್ತು; ಮಳೆ ಬರುವಂತಿದ್ದರೆ ಹಿಡಿಕೆ ನೀಲಿಯಾಗಿ ಮಿನುಗುತ್ತಿತ್ತು. ಸಂಗಾರೆಡ್ಡಿ ಜಿಲ್ಲೆಯ ನಮ್ಮ ರಾಯಿಕೋಡಿನಲ್ಲಿ ಅಂಥದ್ದನ್ನು ಮಾಡಹೊರಡುವ ಹುಡುಗರಿಗೆ ನನ್ನ ಮಾತಿಷ್ಟೆ: ದೀಪವನ್ನು ಕೊಡೆಯೊಳಗೆ ತುರುಕಬೇಡಿ, ಬಾಗಿಲ ಬಳಿ ಕೊಡೆ ತೂಗುಹಾಕುವ ಗೂಟದ ಮೇಲೆ ಕೂರಿಸಿ. ಸುದ್ದಿ ಬೇಕಾಗುವುದು ಹೊಸ್ತಿಲು ದಾಟುವ ಮುಂಚೆ. ವೈಫೈ ಇರುವುದೂ ಮನೆಯಲ್ಲೇ, ಮುನ್ಸೂಚನೆ ತಂದು ದೀಪ ಬೆಳಗಿಸುವ ಪುಟ್ಟ ಇಎಸ್‌ಪಿ32 ಬೋರ್ಡಿಗೆ ಮೊಬೈಲ್ ಚಾರ್ಜರ್ ಸಾಕು. ಬ್ಯಾಟರಿಗೆ ನೀರಿಳಿಯುವ ಭಯವಿಲ್ಲ, ಬಸ್ಸಿನಲ್ಲಿ ಕೊಡೆ ಮರೆತರೆ ಯಂತ್ರವೂ ಹೋಯಿತೆಂಬ ಸಂಕಟವಿಲ್ಲ. (ಕೊಡೆ ಇರುವುದೇ ಮರೆಯುವುದಕ್ಕೆ.)

ಫೋನಿನಲ್ಲೇ ಎಲ್ಲ ಸಿಗುವಾಗ ಇದೇಕೆ ಎನ್ನುವವರುಂಟು. ಸಿಗುತ್ತದೆ ನಿಜ, ತೆರೆದು ನೋಡಿದರೆ; ದೀಪ ಕೇಳದೆಯೇ ಹೇಳುತ್ತದೆ. ಮುನ್ಸೂಚನೆಯೇ ಸುಳ್ಳಾಗುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಸಂಗಾರೆಡ್ಡಿ ಜಿಲ್ಲೆಗೆಲ್ಲ ಒಂದೇ. ಗುಡುಗಿನ ಮಳೆಯೋ ಜಹೀರಾಬಾದಿನಲ್ಲಿ ಸುರಿದು ರಾಯಿಕೋಡಿಗೆ ಹನಿಯೂ ಹಾಕದೆ ಹೋಗಬಹುದು. ಮೇಲಾಗಿ, ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ ಶುರುವಾಗುವುದೇ ದಿನಕ್ಕೆ 64.5 ಮಿ.ಮೀ.ಯಿಂದ, ಕೊಡೆ ಬಿಚ್ಚಲು ಅಷ್ಟೆಲ್ಲ ಬೇಡ. ಹಾಗಾಗಿ ಎಚ್ಚರಿಕೆಯ ಬಣ್ಣ ಬಿಟ್ಟು, ಮಳೆಯ ಸಾಧ್ಯತೆ ಶೇಕಡಾ ಎಷ್ಟೆಂಬ ಅಂಕಿ ತೆಗೆದುಕೊಂಡು ಬೆಳಕನ್ನು ಅದಕ್ಕೆ ತಕ್ಕಂತೆ ಏರಿಸಿ, ಇಳಿಸಿ. ನೆಟ್ ಹೋದಾಗ ನಿನ್ನೆಯ ಬೆಳಕೇ ಉಳಿಯದೆ ದೀಪ ಆರಲಿ. ಸಿಡಿಲಿನ ಸೂಚನೆಗೆ ಬೇರೆಯೇ ಬಣ್ಣವಿಡಿ; ಅದು ಹೊತ್ತಿದಾಗ ಕೊಡೆ ಹಿಡಿದು ಹೊಲಕ್ಕೆ ಹೋಗುವ ಮಾತೇ ಬೇಡ.