ಪಂಪ್ ಸೋತಾಗ: ಕಾರ್ಡಿಯೋಜೆನಿಕ್ ಶಾಕ್ ಅಂದ್ರೆ ಏನು?

ಶಾಕ್ ಅಂದ ತಕ್ಷಣ ನಮಗೆ ನೆನಪಾಗೋದು ಕರೆಂಟ್. ವೈದ್ಯರ ಭಾಷೆಯಲ್ಲಿ ಅದರ ಅರ್ಥ ಬೇರೆ. ಮೆದುಳು, ಮೂತ್ರಪಿಂಡ, ಯಕೃತ್ತು ಇವಕ್ಕೆ ಬೇಕಾದಷ್ಟು ರಕ್ತ ತಲುಪದೇ ಇರುವ ಸ್ಥಿತಿಯೇ ಶಾಕ್. ರಕ್ತ ಸೋರಿಹೋದರೂ ಹೀಗಾಗಬಹುದು, ಸೋಂಕು ಮೈಗೆಲ್ಲ ಹರಡಿದರೂ ಆಗಬಹುದು. ಹೃದಯವೇ ಸೋತು ಹೀಗಾದರೆ ಅದು ಕಾರ್ಡಿಯೋಜೆನಿಕ್ ಶಾಕ್.

ಇಲ್ಲಿ ಮೂರು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಹೃದಯಾಘಾತ. ಹೃದಯದ ಬಡಿತವೇ ನಿಂತರೆ ಹೃದಯ ಸ್ತಂಭನ. ಹೃದಯ ಬಡಿಯುತ್ತಿದೆ, ಆದರೆ ಸಾಕಷ್ಟು ರಕ್ತ ತಳ್ಳುತ್ತಿಲ್ಲ ಅಂದ್ರೆ ಕಾರ್ಡಿಯೋಜೆನಿಕ್ ಶಾಕ್. ಹೃದಯಾಘಾತ ಆದವರಲ್ಲಿ ನೂರಕ್ಕೆ ಸುಮಾರು 5ರಿಂದ 10 ಜನರಿಗೆ ಇದು ಬರುತ್ತೆ. ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಒಳ್ಳೆಯ ಆಸ್ಪತ್ರೆಯಲ್ಲಿ ಇದ್ದರೂ, ಉಳಿಯುವುದಿಲ್ಲ.

ಲೆಕ್ಕದಲ್ಲಿ ನೋಡೋಣ

ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತೆ. ನಿಮಿಷಕ್ಕೆ 70 ಬಡಿತ ಅಂದ್ರೆ 4.9 ಲೀಟರ್. ಓಮ್‌ನ ನಿಯಮ ಇಲ್ಲೂ ನಡೆಯುತ್ತೆ: ವೋಲ್ಟೇಜ್ ಜಾಗದಲ್ಲಿ ರಕ್ತದ ಒತ್ತಡ, ಕರೆಂಟ್ ಜಾಗದಲ್ಲಿ ರಕ್ತದ ಹರಿವು, ರೆಸಿಸ್ಟೆನ್ಸ್ ಜಾಗದಲ್ಲಿ ರಕ್ತನಾಳಗಳ ತಡೆ.

ಒತ್ತಡವನ್ನು ಹರಿವಿನಿಂದ ಗುಣಿಸಿದರೆ ಪವರ್ ಸಿಗುತ್ತೆ. ಇದು ನಮಗೆ ಗೊತ್ತಿರೋದೇ. ಹೃದ್ರೋಗ ತಜ್ಞರೂ ಇದೇ ಲೆಕ್ಕ ಹಾಕ್ತಾರೆ. ಸರಾಸರಿ ಒತ್ತಡ 90 ಮಿ.ಮೀ. ಪಾದರಸ, ಹರಿವು ನಿಮಿಷಕ್ಕೆ 5 ಲೀಟರ್ ಅಂತಿಟ್ಟುಕೊಳ್ಳಿ. ಗುಣಿಸಿ, ಯೂನಿಟ್ ಬದಲಿಸಲು 451ರಿಂದ ಭಾಗಿಸಿದರೆ ಸುಮಾರು 1 ವ್ಯಾಟ್. ನಮ್ಮನ್ನು ನಡೆಸುತ್ತಿರುವ ಪಂಪ್ ಬರೀ 1 ವ್ಯಾಟ್‌ನದು! ಒತ್ತಡ 55ಕ್ಕೆ, ಹರಿವು 2.5 ಲೀಟರಿಗೆ ಇಳಿದರೆ ಅದು 0.3 ವ್ಯಾಟ್ ಆಗುತ್ತೆ. 0.6 ವ್ಯಾಟ್‌ಗಿಂತ ಕೆಳಗೆ ಹೋದರೇ ಅಪಾಯ.

ಸುತ್ತಿಕೊಳ್ಳುವ ಕುಣಿಕೆ

ತೋಟದ ಪಂಪ್‌ಸೆಟ್ ಕೆಟ್ಟರೆ ನೀರು ನಿಲ್ಲುತ್ತೆ, ಅಷ್ಟೇ. ಮೋಟರಿಗೆ ಕರೆಂಟ್ ಬೇರೆ ಕಡೆಯಿಂದ ಬರುತ್ತೆ. ಹೃದಯ ಹಾಗಲ್ಲ. ತಾನು ತಳ್ಳಿದ ರಕ್ತದಲ್ಲೇ ತನ್ನ ಊಟವನ್ನೂ ಪಡೆಯಬೇಕು. ಒತ್ತಡ ಬಿದ್ದರೆ ಹೃದಯದ ಸ್ನಾಯುವಿಗೆ ರಕ್ತ ಕಡಿಮೆ, ಆಗ ಅದು ಇನ್ನೂ ಸೋಲುತ್ತೆ, ಒತ್ತಡ ಇನ್ನೂ ಬೀಳುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್. ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿದು ಒತ್ತಡ ಉಳಿಸಿಕೊಳ್ಳಲು ನೋಡುತ್ತೆ. ಕೈಕಾಲು ತಣ್ಣಗಾಗೋದು ಅದಕ್ಕೇ. ಆದರೆ ತಡೆ ಹೆಚ್ಚಿದಷ್ಟೂ ಸೋತ ಪಂಪಿನ ಮೇಲೆ ಭಾರ ಹೆಚ್ಚು. ಇತ್ತ ಮುಂದೆ ಹೋಗದ ರಕ್ತ ಹಿಂದೆ ನಿಂತು, ಶ್ವಾಸಕೋಶದಲ್ಲಿ ನೀರು ತುಂಬುತ್ತೆ.

ಚಿಕಿತ್ಸೆ

ಮೂಲ ಕೆಲಸ, ಕಟ್ಟಿಕೊಂಡ ನಾಳವನ್ನು ಬೇಗ ತೆರೆಯೋದು. 1999ರಲ್ಲಿ ಪ್ರಕಟವಾದ ‘ಶಾಕ್’ ಅಧ್ಯಯನದಲ್ಲಿ ಬೇಗ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮಾಡಿಸಿಕೊಂಡವರಲ್ಲಿ ಆರು ತಿಂಗಳ ಹೊತ್ತಿಗೆ ಸಾವು ಸುಮಾರು ನೂರಕ್ಕೆ 50. ಮೊದಲು ಔಷಧಿಯಿಂದ ಸ್ಥಿರಗೊಳಿಸಲು ನೋಡಿದವರಲ್ಲಿ 63. ಜೊತೆಗೆ ಒತ್ತಡ ಏರಿಸಲು ನಾರ್‌ಅಡ್ರಿನಲಿನ್, ಉಸಿರಿಗೆ ಆಮ್ಲಜನಕ ಅಥವಾ ವೆಂಟಿಲೇಟರ್. ಕೆಲವರಿಗೆ ಹೃದಯದೊಳಗೇ ಇಡುವ ಪುಟ್ಟ ಪಂಪ್ ಇಂಪೆಲ್ಲಾ. 2024ರ ‘ಡ್ಯಾನ್‌ಜರ್’ ಅಧ್ಯಯನದಲ್ಲಿ ಆಯ್ದ ರೋಗಿಗಳಲ್ಲಿ ಇದು ಸಾವನ್ನು ತಗ್ಗಿಸಿತು, ಆದರೆ ರಕ್ತಸ್ರಾವದಂಥ ತೊಂದರೆಗಳೂ ಹೆಚ್ಚಿದ್ದವು. ಹಾಗಾಗಿ ಎಲ್ಲರಿಗೂ ಹಾಕುವ ಸಾಧನ ಅಲ್ಲ.

ಉಳವಿಯಿಂದ ನೋಡಿದರೆ

ಇದು ಜೋಯಿಡಾ ಕಡೆಯ ಚನ್ನಬಸವಣ್ಣನ ಉಳವಿ ಅಲ್ಲ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಹೋಬಳಿ ಉಳವಿ. ಇಲ್ಲಿಂದ ಸಾಗರಕ್ಕೆ ಬಂದರೂ ಅಲ್ಲಿಂದ ಶಿವಮೊಗ್ಗ ಇನ್ನೂ ಸುಮಾರು 70 ಕಿ.ಮೀ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಯಾರಿಗೋ ಎದೆ ಹಿಡಿದು, ಮೈ ತಣ್ಣಗೆ ಬೆವರಿತು ಅಂದುಕೊಳ್ಳಿ. ‘ಗ್ಯಾಸ್ ಇರ್ಬೇಕು, ಸೋಡಾ ಕೊಡಿ’ ಅಂತ ಒಬ್ಬರು, ‘ಸುಸ್ತಾಗಿದೆ, ಒಂದು ಡ್ರಿಪ್ ಹಾಕಿಸಿದ್ರೆ ಸರಿಹೋಗುತ್ತೆ’ ಅಂತ ಇನ್ನೊಬ್ಬರು. ಒಂದು ಗಂಟೆ ಅಲ್ಲೇ ಹೋಯ್ತು. ಶ್ವಾಸಕೋಶದಲ್ಲಿ ಈಗಾಗಲೇ ನೀರು ತುಂಬುತ್ತಿರುವವರಿಗೆ ಡ್ರಿಪ್ ಸುರಿದರೆ ಉಸಿರಾಟ ಇನ್ನೂ ಕಷ್ಟ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯೂ ಒತ್ತಡ ಇಳಿಸುತ್ತೆ. ಒತ್ತಡ ಬಿದ್ದವರಿಗೆ ಅದು ಅಪಾಯ.

ಶಾಕ್ ಬರದಂತೆ ತಡೆಯುವ ಅವಕಾಶ ಇರೋದು ಹೃದಯಾಘಾತದ ಮೊದಲ ಗಂಟೆಗಳಲ್ಲಿ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, ರಾಜ್ಯ ಸರ್ಕಾರ 2023ರಲ್ಲಿ ಅವರ ಹೆಸರಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಆದರೆ ಶಾಕ್ ಶುರುವಾದ ಮೇಲೆ ಈ ಔಷಧಿ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ. ಯಾಕಂದ್ರೆ ಔಷಧಿಯನ್ನು ಹೆಪ್ಪಿನ ತನಕ ತಳ್ಳೋಕೂ ಒತ್ತಡ ಬೇಕಲ್ವಾ? ಆಗ ಆಂಜಿಯೋಪ್ಲಾಸ್ಟಿ ಇರುವ ಆಸ್ಪತ್ರೆಯೇ ಗತಿ.

ನಾವು ಮಾಡಬಹುದಾದದ್ದು

ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಇಷ್ಟು ಹೇಳಿ. ಎದೆಯಲ್ಲಿ ಒತ್ತಿದ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ಮಾತು ತೊದಲುವುದು ಅಥವಾ ಮಂಕಾಗುವುದು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬೈಕಲ್ಲಿ ಕೂರಿಸಬೇಡಿ, ನಡೆಸಬೇಡಿ. ಉಸಿರಿಗೆ ಕಷ್ಟ ಇದ್ದರೆ ಒರಗಿಸಿ ಕೂರಿಸಿ. ಇಸಿಜಿ ಎಲ್ಲಿ ಬೇಗ ಸಿಗುತ್ತೆ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಎಚ್ಚರ ತಪ್ಪಿ ಉಸಿರೂ ನಿಂತರೆ ಅದು ಹೃದಯ ಸ್ತಂಭನ. ಆಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಾ ಇರಿ, ಆಂಬುಲೆನ್ಸ್ ಬರೋವರೆಗೂ.