ಕಪ್ಪು ಪರದೆ ಬೇಡವೆಂದರೆ

ಯಲಹಂಕದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡಿದ್ದೀರಾ? ಇಂಟೆಲ್, ಎಎಂಡಿ ಗ್ರಾಫಿಕ್ಸ್ ಆದರೆ ನಿಶ್ಚಿಂತೆ. ಡ್ರೈವರ್ ಕರ್ನಲ್ ಜೊತೆಗೇ ಬಂದಿರುತ್ತದೆ. ತಕರಾರೇನಿದ್ದರೂ ಎನ್ವಿಡಿಯಾದ್ದು, 2022ರಲ್ಲಿ ಅದು ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ತೆರೆದಿಟ್ಟ ಮೇಲೂ. ಕಂಪನಿಯ ಜಾಲತಾಣದಿಂದ ಡಾಟ್ ರನ್ ಫೈಲ್ ಇಳಿಸಿಕೊಳ್ಳಬೇಡಿ. ಕರ್ನಲ್ ಅಪ್‌ಡೇಟ್ ಆದೊಡನೆ ಪರದೆ ಕಪ್ಪಾದೀತು. ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ತೆರೆದು, ‘ಟೆಸ್ಟೆಡ್’ ಎಂದಿರುವುದನ್ನೇ ಆರಿಸಿ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಹೊಸ ಪಾಸ್‌ವರ್ಡ್ ಕೇಳಬಹುದು. ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಗಾಬರಿ ಬೇಡ, ಇದು ವಿಂಡೋಸಿನದಲ್ಲ! ‘ಎನ್‌ರೋಲ್ ಎಂಓಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಎಷ್ಟೋ ಜನ ಇಲ್ಲೇ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟು, ಡ್ರೈವರ್ ಸರಿಯಿಲ್ಲವೆಂದು ಗೊಣಗುತ್ತಾರೆ. ಆಮೇಲೆ ಟರ್ಮಿನಲ್ಲಿನಲ್ಲಿ ಎನ್ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟು ನೋಡಿ. ಕಾರ್ಡಿನ ಹೆಸರು ಕಂಡರೆ ಕೆಲಸ ಆಯಿತು.