ಎಲ್ಲರ ರೆಕಾರ್ಡಿನಲ್ಲೂ 64



ಕಳೆದ ತಿಂಗಳು ದ್ವಿತೀಯ ಪಿಯುಸಿಯ ಜೀವಶಾಸ್ತ್ರ ರೆಕಾರ್ಡುಗಳನ್ನು ತಿದ್ದಲು ಕುಳಿತಿದ್ದೆ. ಪರಾಗ ಮೊಳೆಯುವ ಪ್ರಯೋಗ. ಸಕ್ಕರೆ ಮತ್ತು ಬೋರಿಕ್ ಆಮ್ಲದ ದ್ರಾವಣದ ಮೇಲೆ ನಿತ್ಯಪುಷ್ಪದ ಪರಾಗ ಉದುರಿಸಿ, ಸ್ವಲ್ಪ ಹೊತ್ತಿನ ಬಳಿಕ ಸೂಕ್ಷ್ಮದರ್ಶಕದಲ್ಲಿ ನೋಡಿ, ನೂರರಲ್ಲಿ ಎಷ್ಟಕ್ಕೆ ಪರಾಗನಾಳ ಬಂದಿದೆ ಎಂದು ಲೆಕ್ಕ ಹಾಕಬೇಕು. ಮೊದಲ ರೆಕಾರ್ಡಿನಲ್ಲಿ ಶೇಕಡಾ 64 ಎಂದಿತ್ತು. ಎರಡನೆಯದರಲ್ಲೂ 64. ಇಪ್ಪತ್ತನೆಯದನ್ನು ತೆರೆಯುವ ಹೊತ್ತಿಗೆ ಪುಟ ನೋಡದೆಯೇ ನಾನು ಉತ್ತರ ಹೇಳಬಹುದಾಗಿತ್ತು.

ಮರುದಿನ ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಮೇಡಂ, ಎಲ್ಲರೂ ಸೇರಿ ಮಾಡಿದ್ದು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಸೇರಿ ಮಾಡುವುದು ತಪ್ಪಲ್ಲ, ವಿಜ್ಞಾನ ನಡೆಯುವುದೇ ಹಾಗೆ. ಹಾಗಾದರೆ ಸೇರಿ ಮಾಡುವುದಕ್ಕೂ ನೋಡಿ ಬರೆಯುವುದಕ್ಕೂ ನಡುವಿನ ಗೆರೆ ಎಲ್ಲಿದೆ? ಅಷ್ಟರಲ್ಲಿ ಬೆಲ್ ಆಯಿತು. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕಾಗಿ ನಿಮಗಿಂತ ಸ್ವಲ್ಪವೇ ದೊಡ್ಡವರಾದ, ಕೆಲವೊಮ್ಮೆ ನಿಮ್ಮದೇ ವಯಸ್ಸಿನ ವಿದ್ಯಾರ್ಥಿಗಳ ಒಂದು ಸ್ಪರ್ಧೆಯ ಕಥೆ ಹೇಳಬೇಕು.

ಐಜೆಮ್ ಎಂದರೇನು?

ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 2003ರ ಜನವರಿಯಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಕಿರು ಕೋರ್ಸ್ ನಡೆಯಿತು. ಬ್ಯಾಕ್ಟೀರಿಯಾ ಒಳಗೆ ಹೊಸ ಜೀನ್ ಸರ್ಕ್ಯೂಟ್ ವಿನ್ಯಾಸ ಮಾಡಿ, ಅದು ದೀಪದಂತೆ ಮಿನುಗುವ ಹಾಗೆ ಮಾಡುವುದು ಗುರಿ. 2004ರಲ್ಲಿ ಅದು 5 ತಂಡಗಳ ಸ್ಪರ್ಧೆಯಾಯಿತು. ಅದರ ಹೆಸರು ಇಂಟರ್‌ನ್ಯಾಷನಲ್ ಜೆನೆಟಿಕಲಿ ಎಂಜಿನಿಯರ್ಡ್ ಮಷೀನ್, ಚಿಕ್ಕದಾಗಿ ಐಜೆಮ್. 2020ರ ಹೊತ್ತಿಗೆ ಜಗತ್ತಿನಾದ್ಯಂತದಿಂದ ಸುಮಾರು 250 ತಂಡಗಳು ಅದರಲ್ಲಿದ್ದವು. ಪದವಿ ವಿದ್ಯಾರ್ಥಿಗಳಷ್ಟೇ ಅಲ್ಲ, ಹೈಸ್ಕೂಲ್ ಮಟ್ಟದ ತಂಡಗಳಿಗೂ ಅಲ್ಲಿ ಜಾಗವಿದೆ.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಬೆಂಗಳೂರಿನ ಎನ್‌ಸಿಬಿಎಸ್, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮಣಿಪಾಲದಿಂದ ತಂಡಗಳು ಹೋಗಿವೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳ ತಂಡವೂ ಹೋಗಿತ್ತು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಇ. ಕೋಲೈಯಿಂದ ತಯಾರಿಸುವುದು ಅವರ ಯೋಜನೆ. ಕಲಾ ವಿಭಾಗದವರು ಈ ಪುಟವನ್ನು ಬಿಟ್ಟು ಮುಂದೆ ಹೋಗಬಾರದೆಂದು ಇದನ್ನು ಹೇಳಿದೆ!

ಹೊಂದುವ ತುದಿಗಳು

ಈಗ ಪಾಠಕ್ಕೆ ಬರೋಣ. ನಿಮ್ಮ ಜೈವಿಕ ತಂತ್ರಜ್ಞಾನದ ಅಧ್ಯಾಯದಲ್ಲಿ ಇಕೋ ಆರ್ ಒನ್ ಎಂಬ ನಿರ್ಬಂಧಕ ಕಿಣ್ವವನ್ನು ಓದಿದ್ದೀರಿ. ಅದು ಡಿಎನ್‌ಎಯಲ್ಲಿ ನಿರ್ದಿಷ್ಟ ಅಕ್ಷರಗಳ ಸಾಲನ್ನು ಗುರುತಿಸಿ ಅಲ್ಲೇ ಕತ್ತರಿಸಿ, ಅಂಟುತುದಿಗಳನ್ನು ಉಳಿಸುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಐಜೆಮ್‌ನ ತಂಡಗಳಿಗೆ ಇಷ್ಟು ಸಾಲದು. ಒಂದು ದೇಶದ ತಂಡ ಮಾಡಿದ ಜೀನ್ ತುಣುಕನ್ನು ಇನ್ನೊಂದು ದೇಶದ ತಂಡ ತನ್ನ ತುಣುಕಿಗೆ ಜೋಡಿಸಬೇಕಾದರೆ ಇಬ್ಬರ ತುದಿಗಳೂ ಹೊಂದಬೇಕು.

ಎಂಐಟಿಯ ಟಾಮ್ ನೈಟ್ ಇದಕ್ಕೆ ಬಯೋಬ್ರಿಕ್ ಎಂಬ ನಿಯಮವನ್ನು ರೂಪಿಸಿದರು. ಪ್ರತಿ ತುಣುಕಿನ ಮುಂದೆ ಇಕೋ ಆರ್ ಒನ್ ಮತ್ತು ಎಕ್ಸ್‌ಬಾ ಒನ್ ಕಿಣ್ವಗಳ ತಾಣ, ಹಿಂದೆ ಸ್ಪೀ ಒನ್ ಮತ್ತು ಪಿಎಸ್‌ಟಿ ಒನ್ ಕಿಣ್ವಗಳ ತಾಣ ಇರಬೇಕು. ತುಣುಕಿನ ಒಳಗೆ ಈ ನಾಲ್ಕರಲ್ಲಿ ಒಂದೂ ಇರಬಾರದು. ಇದರಲ್ಲಿ ಒಂದು ಜಾಣತನವಿದೆ. ಎಕ್ಸ್‌ಬಾ ಮತ್ತು ಸ್ಪೀ ಬೇರೆ ಬೇರೆ ಸಾಲುಗಳನ್ನು ಗುರುತಿಸಿದರೂ ಎರಡೂ ಕತ್ತರಿಸಿ ಉಳಿಸುವ ಅಂಟುತುದಿ ಒಂದೇ: ಸಿ-ಟಿ-ಎ-ಜಿ. ಹಾಗಾಗಿ ಮೊದಲ ತುಣುಕಿನ ಸ್ಪೀ ತುದಿ ಎರಡನೆಯದರ ಎಕ್ಸ್‌ಬಾ ತುದಿಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಆ ಬೆಸುಗೆಯನ್ನು ಎರಡರಲ್ಲಿ ಯಾವ ಕಿಣ್ವವೂ ಗುರುತಿಸಲಾರದು. ಜೋಡಿಯಾದ ಹೊಸ ತುಣುಕಿನ ಹೊರ ಅಂಚುಗಳಲ್ಲಿ ಮತ್ತೆ ಅವೇ ನಾಲ್ಕು ತಾಣಗಳು ಉಳಿದಿರುತ್ತವೆ. ಅದಕ್ಕೆ ಮೂರನೆಯದನ್ನೂ ನಾಲ್ಕನೆಯದನ್ನೂ ಇದೇ ರೀತಿ ಜೋಡಿಸುತ್ತಾ ಹೋಗಬಹುದು.

ಸೇರಿ ಮಾಡುವುದರ ಮೊದಲ ಷರತ್ತು ಇದು. ನನ್ನ ಕೆಲಸದ ತುದಿ ಇನ್ನೊಬ್ಬರ ಕೆಲಸಕ್ಕೆ ಹೊಂದುವಂತಿರಬೇಕು.

ಒಂದೇ ಅಳತೆ

ಎರಡನೆಯ ಷರತ್ತು ಅಳತೆ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿರುತ್ತಿರಲಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಲ್ಯಾಬ್‌ಗಳಲ್ಲೂ ಇದೇ ತೊಂದರೆ. ದ್ರಾವಣದಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು ಅದರ ಮೂಲಕ ಬೆಳಕು ಹಾಯಿಸಿ, ಅದು ಎಷ್ಟು ಮಸುಕಾಗಿದೆ ಎಂದು ನೋಡುತ್ತಾರೆ. ನೀರು ಬೆರೆಸಿದ ಮಜ್ಜಿಗೆಯ ಲೋಟವನ್ನು ಬೆಳಕಿಗೆ ಹಿಡಿದು ತೆಳುವೋ ದಪ್ಪವೋ ಎಂದು ನೋಡಿದ ಹಾಗೆ. ಆದರೆ ಒಂದು ಯಂತ್ರದ 0.5 ಇನ್ನೊಂದು ಯಂತ್ರದ 0.5 ಆಗಿರಬೇಕೆಂದಿಲ್ಲ.

2018ರಲ್ಲಿ ಐಜೆಮ್‌ಗೆ ಸೇರಿದ 244 ಲ್ಯಾಬ್‌ಗಳು ಒಂದೇ ವಿಧಾನದಲ್ಲಿ ಇದೇ ಪ್ರಯೋಗ ಮಾಡಿದವು. ಬ್ಯಾಕ್ಟೀರಿಯಾ ಗಾತ್ರದ ಸಿಲಿಕಾ ಮಣಿಗಳನ್ನು ತೆಗೆದುಕೊಂಡರು. ಒಂದು ಹನಿಯಲ್ಲಿ ಎಷ್ಟು ಮಣಿಗಳಿವೆ ಎಂಬುದು ಮೊದಲೇ ಗೊತ್ತು. ಅದನ್ನು ಅರ್ಧಕ್ಕೆ, ಆ ಅರ್ಧವನ್ನು ಮತ್ತೆ ಅರ್ಧಕ್ಕೆ ತೆಳುಗೊಳಿಸುತ್ತಾ, ಪ್ರತಿ ಸಲವೂ ತಮ್ಮ ಯಂತ್ರ ಏನು ತೋರಿಸುತ್ತದೆ ಎಂದು ಬರೆದುಕೊಂಡರು. ಹೀಗೆ ಪ್ರತಿ ಲ್ಯಾಬ್ ತನ್ನ ಯಂತ್ರದ ಅಂಕಿಯನ್ನು ಕೋಶಗಳ ಸಂಖ್ಯೆಗೆ ಬದಲಿಸಿಕೊಳ್ಳಬಹುದು. ಹೋಲಿಸಿ ನೋಡಿದ ಮೂರು ವಿಧಾನಗಳಲ್ಲಿ ಈ ಮಣಿಗಳ ವಿಧಾನವೇ ಉತ್ತಮವೆಂದು ಕಂಡಿತು. ಫಲಿತಾಂಶ 2020ರಲ್ಲಿ ಕಮ್ಯುನಿಕೇಷನ್ಸ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಎಣಿಸಿದ್ದು ವಿಜ್ಞಾನಕ್ಕೆ ಸಲ್ಲುವ ಮಾತಾಯಿತು.

ಗಮನಿಸಿ, 244 ಲ್ಯಾಬ್‌ಗಳು ಒಬ್ಬರ ಉತ್ತರವನ್ನು ಒಬ್ಬರು ನಕಲು ಮಾಡಿದ್ದರೆ ಏನು ತಿಳಿಯುತ್ತಿತ್ತು? ಏನೂ ಇಲ್ಲ. ಅವರ ಅಂಕಿಗಳು ಬೇರೆ ಬೇರೆ ಬಂದದ್ದರಿಂದಲೇ ಯಾವ ವಿಧಾನ ನಂಬಬಹುದಾದದ್ದು ಎಂದು ಗೊತ್ತಾಯಿತು.

ಬಾಗಿಲು ಮುಚ್ಚಿದ ವರ್ಷ

ನಂತರ 2020 ಬಂತು. ಆಗ ನೀವು ಪ್ರಾಥಮಿಕ ಶಾಲೆಯಲ್ಲಿದ್ದಿರಿ, ಮೊಬೈಲ್ ಹಿಡಿದು ಪಾಠ ಕೇಳಿದ್ದು ನೆನಪಿರಬೇಕು. ಪ್ರಯೋಗವೇ ಜೀವಾಳವಾದ ಈ ಸ್ಪರ್ಧೆಯಲ್ಲಿ ಅನೇಕ ತಂಡಗಳಿಗೆ ಲ್ಯಾಬ್ ಬಾಗಿಲೇ ತೆರೆಯಲಿಲ್ಲ. ಪ್ರತಿ ವರ್ಷ ಬಾಸ್ಟನ್‌ನಲ್ಲಿ ನಡೆಯುತ್ತಿದ್ದ ಅಂತಿಮ ಸಮಾವೇಶ ಆ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ನಡೆಯಿತು.

ಆಗ ಎರಡು ಬದಲಾವಣೆ ಆದವು. ಒಂದು, ಯೋಜನೆಯನ್ನು ಎರಡು ವರ್ಷಗಳಿಗೆ ಹಂಚಿಕೊಳ್ಳಲು ಅವಕಾಶ ಕೊಟ್ಟರು. ಈ ವರ್ಷ ವಿನ್ಯಾಸ, ಮುಂದಿನ ವರ್ಷ ಪ್ರಯೋಗ. ಎರಡು, ಬೇರೆ ತಂಡಕ್ಕೆ ನೆರವಾಗುವ ಸಹಕಾರಕ್ಕೆ ಬೆಳ್ಳಿ ಪದಕದ ಮಾನದಂಡಗಳಲ್ಲಿ ಜಾಗವಿತ್ತು. ಅದರ ಮೇಲೆ ಪಾಲುದಾರಿಕೆ ಎಂಬುದನ್ನು ಚಿನ್ನದ ಪದಕದ ಮಾನದಂಡಗಳಲ್ಲಿ ಸೇರಿಸಿದರು. ಒಮ್ಮೆ ಕೈಜೋಡಿಸಿದರೆ ಸಹಕಾರ. ಇಬ್ಬರ ಯೋಜನೆಯೂ ಒಬ್ಬರಿಂದೊಬ್ಬರು ಗಟ್ಟಿಯಾದರೆ ಅದು ಪಾಲುದಾರಿಕೆ.

ಕೈಗೆ ಪಿಪೆಟ್ ಸಿಗದವರು ಸೇರಿ ಏನು ಮಾಡಬಲ್ಲರು? ಗಣಿತ ಬಲ್ಲ ತಂಡ ಇನ್ನೊಂದು ತಂಡದ ಜೀನ್ ಸರ್ಕ್ಯೂಟಿಗೆ ಗಣಿತ ಮಾದರಿ ಬರೆದುಕೊಡಬಹುದು. ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದು. ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ದೋಷ ಹೇಳಬಹುದು. ಮಕ್ಕಳಿಗಾಗಿ ಬರೆದ ಪಾಠಗಳನ್ನು ತಮ್ಮ ಭಾಷೆಗೆ ತರಬಹುದು. ಆ ವರ್ಷ ವಿದ್ಯಾರ್ಥಿಗಳು ವಿಡಿಯೊ ಕರೆಗಳಲ್ಲಿ ಕುಳಿತು ಮಾಡಿದ್ದು ಇಂಥವೇ ಕೆಲಸಗಳು. ಯೋಜನೆಗಳು ಮಾತ್ರ ಬಗೆಬಗೆಯವು. ನೆದರ್‌ಲ್ಯಾಂಡ್ಸ್‌ನ ಲೈಡನ್ ತಂಡ ಸಾಂಕ್ರಾಮಿಕ ರೋಗ ಕಾಣಿಸಿಕೊಂಡ ಕೂಡಲೇ ಬಳಸಬಹುದಾದ ಪರೀಕ್ಷಾ ಕಿಟ್ ಬಗ್ಗೆ ಕೆಲಸ ಮಾಡಿತು. ಲಿಥುವೇನಿಯಾದ ವಿಲ್ನಿಯಸ್ ತಂಡ ಸಾಕು ಮೀನುಗಳಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕನ್ನು ಹಿಡಿಯಿತು.

ಮನೆಯಲ್ಲಿ ಕುಳಿತು ಇನ್ನೊಬ್ಬರಿಗೆ ನೆರವಾಗಬೇಕಾದರೆ ಅವರು ಏನು ಮಾಡಿದ್ದಾರೆ ಎಂಬುದು ಬರಹದಲ್ಲಿ ಇರಲೇಬೇಕು. ಐಜೆಮ್‌ನಲ್ಲಿ ಪ್ರತಿ ತಂಡವೂ ತನ್ನ ಕೆಲಸವನ್ನೆಲ್ಲ ಎಲ್ಲರೂ ಓದುವಂತೆ ಒಂದು ಜಾಲತಾಣದಲ್ಲಿ ಬರೆದಿಡುತ್ತದೆ. ಯಾವ ಕೆಲಸ ಯಾರದು, ಯಾರ ನೆರವು ಸಿಕ್ಕಿತು ಎಂಬುದಕ್ಕೂ ಅಲ್ಲಿ ಪ್ರತ್ಯೇಕ ಪುಟವಿರುತ್ತದೆ. ಅದಿಲ್ಲದೆ ಕಂಚಿನ ಪದಕವೂ ಸಿಗದು.

ನನ್ನ ಕಪಾಟು

ಇದನ್ನೆಲ್ಲ ನಿಮಗೆ ಹೇಳುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. 2021ರ ಜನವರಿಯಲ್ಲಿ ಪಿಯು ತರಗತಿಗಳು ಮತ್ತೆ ಶುರುವಾದಾಗ ತಿಂಗಳುಗಟ್ಟಲೆ ಮುಚ್ಚಿದ್ದ ಲ್ಯಾಬ್ ಕಪಾಟನ್ನು ತೆರೆದೆ. ಮಾರ್ಚ್‌ನಲ್ಲಿ ನಾನೇ ತಯಾರಿಸಿಟ್ಟ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ "ಹೊಸದು" ಎಂದು ಬರೆದಿದ್ದೆ. ಇನ್ನೊಂದರ ಮೇಲೆ ಏನೂ ಇರಲಿಲ್ಲ. ನಾಳೆ ಬಂದು ನೋಡಿದರಾಯಿತು ಎಂದುಕೊಂಡಿದ್ದೆ, ಆ ನಾಳೆ ಹತ್ತು ತಿಂಗಳ ಬಳಿಕ ಬಂತು. ಯಾವುದು ಏನು, ಎಷ್ಟು ಪ್ರಬಲ, ಎಂದಿನದು, ಒಂದೂ ನೆನಪಿರಲಿಲ್ಲ. ಎಲ್ಲವನ್ನೂ ಚೆಲ್ಲಿದೆ. ಆ ಬ್ಯಾಚಿನವರಿಗೆ ಪ್ರಾಯೋಗಿಕ ತರಗತಿಗೆ ಇದ್ದದ್ದೇ ಕೆಲವು ವಾರ. ಅದರಲ್ಲಿ ಒಂದು ವಾರ ನನ್ನ ಅಸಡ್ಡೆಗೆ ಹೋಯಿತು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ಬರೆದಿಡದ ಕೆಲಸ ಮಾಡಿದವರಿಗೇ ಉಳಿಯುವುದಿಲ್ಲ, ಇನ್ನೊಬ್ಬರಿಗೆ ಹೇಗೆ ಉಳಿದೀತು?

ಮತ್ತೆ ನಿತ್ಯಪುಷ್ಪ

64ರ ಪ್ರಸಂಗದ ನಂತರ ಆ ಪ್ರಯೋಗವನ್ನು ಮತ್ತೆ ಮಾಡಿದೆವು. ಈ ಸಲ ದ್ರಾವಣ ಎಲ್ಲರಿಗೂ ಒಂದೇ, ಬಾಟಲಿಯ ಮೇಲೆ ಪ್ರಮಾಣ ಮತ್ತು ದಿನಾಂಕ. ಆದರೆ ಪ್ರತಿ ಜೋಡಿ ತನ್ನದೇ ಹೂ ತಂದು, ತಾನೇ ಎಣಿಸಿ, ಹೂ ಕಿತ್ತ ಹೊತ್ತನ್ನೂ ಬರೆಯಬೇಕು. ಎಲ್ಲ ಅಂಕಿಗಳನ್ನು ಹಲಗೆಯ ಮೇಲೆ ಬರೆದಾಗ ಎಲ್ಲರದೂ ಒಂದೇ ಬರಲಿಲ್ಲ. ಸ್ವಲ್ಪ ಹೊತ್ತು ಗದ್ದಲವಾಯಿತು, ಯಾರದು ಸರಿ ಎಂದು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಮೇಡಂ, ಕಡಿಮೆ ಬಂದವರೆಲ್ಲ ಹೂ ನಿನ್ನೆ ಸಂಜೆ ಕಿತ್ತವರು," ಎಂದಳು. ನೋಡಿದರೆ ಹೌದು. ಹಳತಾದಂತೆ ಪರಾಗದ ಶಕ್ತಿ ಕುಂದುತ್ತದೆ ಎಂಬುದನ್ನು ಅಂದು ತರಗತಿಯೇ ಕಂಡುಕೊಂಡಿತು. ಒಬ್ಬರ ರೆಕಾರ್ಡಿನಿಂದ ಅದು ಕಾಣುತ್ತಿರಲಿಲ್ಲ. ಎಲ್ಲರೂ 64 ಬರೆದಿದ್ದರೂ ಕಾಣುತ್ತಿರಲಿಲ್ಲ.

ಹಿಂದಿನ ಬೆಂಚಿನ ಗೆಳೆಯನಿಗೆ ನನ್ನ ಉತ್ತರ ಇದು. ವಿಧಾನ ಹಂಚಿಕೊಳ್ಳಿ, ಅಳತೆ ಹಂಚಿಕೊಳ್ಳಿ, ಸಂದೇಹ ಹಂಚಿಕೊಳ್ಳಿ. ಎಣಿಕೆ ಮಾತ್ರ ನಿಮ್ಮದೇ ಇರಲಿ. ನೆರವಾದವರ ಹೆಸರನ್ನು ಬರೆಯಿರಿ.

ಮುಂದಿನ ಪ್ರಾಯೋಗಿಕ ತರಗತಿಗೆ ಬರುವ ಮುನ್ನ ಇವನ್ನು ಮಾಡಿ:

1. ನಿಮ್ಮ ಕೊನೆಯ ಪ್ರಯೋಗದ ವಿಧಾನವನ್ನು ಆ ದಿನ ಗೈರಾಗಿದ್ದ ಗೆಳೆಯರಿಗೆ ಓದಲು ಕೊಡಿ. ನಿಮ್ಮನ್ನು ಏನೂ ಕೇಳದೆ ಅವರು ಅದನ್ನು ಮಾಡಬಲ್ಲರೇ? ಅವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಗುರುತು ಹಾಕಿಕೊಳ್ಳಿ. ಅಲ್ಲೆಲ್ಲ ನಿಮ್ಮ ಬರಹದಲ್ಲಿ ಒಂದು ಸಾಲು ಕೊರತೆಯಿದೆ.

2. ಎಕ್ಸ್‌ಬಾ ಮತ್ತು ಸ್ಪೀ ತುದಿಗಳು ಬೆಸೆದ ಜಾಗವನ್ನು ಯಾವ ಕಿಣ್ವವೂ ಮತ್ತೆ ಕತ್ತರಿಸದಿರುವುದರಿಂದ ಏನು ಲಾಭ? ಎರಡು ವಾಕ್ಯಗಳಲ್ಲಿ ಬರೆಯಿರಿ.

3. ರೆಕಾರ್ಡಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಈ ಪ್ರಯೋಗದಲ್ಲಿ ನನಗೆ ನೆರವಾದವರು. ಆ ಸಾಲಿಗೆ ನಾನು ಅಂಕ ಕಳೆಯುವುದಿಲ್ಲ.